ಕ್ಯಾನಕ್ಕ ಕೇಳುವ ಒಂದೇ ಪ್ರಶ್ನೆ

ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ಆಸ್ಪತ್ರೆಯ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಕಾಲಬಳಿಯ ಕ್ಯಾನನ್ನು ಟವೆಲಿನಿಂದಲೋ ಹಳೆಯ ಪತ್ರಿಕೆಯಿಂದಲೋ ಮುಚ್ಚಿದ್ದಾರೆ. ಒಳಗಿರುವುದು ಒಂದಿಡೀ ದಿನದ ಮೂತ್ರ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕೈಗವಸು ತೊಟ್ಟ ಹೆಂಗಸೊಬ್ಬರು ಒಂದೊಂದೇ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಡುತ್ತಾರೆ.

ಎಲ್ಲರಿಗೂ ಅವರು ಕ್ಯಾನಕ್ಕ. "ಅಪ್ಪ ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತೆ" ಎಂದು ನಗುತ್ತಾರೆ.

ಮೂತ್ರಪಿಂಡದ ಕಾಯಿಲೆ ನೋವಿಲ್ಲದೆ ಬರುವುದೇ ಹೆಚ್ಚು. ಬೆಳಿಗ್ಗೆ ರೆಪ್ಪೆ ಊದಿರುತ್ತದೆ, ಮೂತ್ರದಲ್ಲಿ ನೊರೆ ಏಳುತ್ತದೆ, ಅಷ್ಟೆ. ದೇಹದ ಪ್ರೋಟೀನು ಎಷ್ಟು ಸೋರುತ್ತಿದೆ ಎಂದು ತಿಳಿಯಲು ದಿನದ ಮೂತ್ರವೆಲ್ಲ ಬೇಕು. ಒಂದು ಸಲದ್ದು ತಪ್ಪಿದರೂ ಲೆಕ್ಕ ಸುಳ್ಳು. "ಎಲ್ಲಾ ತಂದಿದ್ದೀರಾ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಅದಕ್ಕೇ ನಾನು ಎಷ್ಟು ಸಲ ತಪ್ಪಿತು ಅಂತಲೇ ಕೇಳೋದು."

ಕಳೆದ ವಾರ ಬಸ್ ಚಾಲಕರೊಬ್ಬರಿಗೂ ಅದನ್ನೇ ಕೇಳಿದರು. ಊದಿದ ಮುಖದ ಆತ ಕ್ಯಾನಿನ ಮೇಲಿನ ಟವೆಲನ್ನು ಇನ್ನಷ್ಟು ಎಳೆದು ಮುಚ್ಚಿದರು.

"ಬಸ್ಸಲ್ಲಿ ಕ್ಯಾನ್ ಹಿಡ್ಕೊಂಡು ಹೋಗೋಕಾಗುತ್ತಾ ಅಕ್ಕಾ? ಕಮ್ಮಿ ಬಿದ್ದಿದ್ದನ್ನ ತಮ್ಮನ ಕೈಲಿ ತುಂಬಿಸ್ದೆ. ರಿಪೋರ್ಟ್ ಕೆಟ್ಟದಾಗಿ ಬಂದ್ರೆ ಸ್ಟೀರಿಂಗ್ ಕಿತ್ಕೋತಾರೆ."

"ಹಂಗಾದ್ರೆ ಮಾತ್ರೇನೂ ತಮ್ಮನೇ ನುಂಗ್ಲಿ ಬಿಡಣ್ಣ!"

ಬೆಂಚಿಗೆ ಬೆಂಚೇ ನಕ್ಕಿತು. ಆತನೂ ನಕ್ಕರು. ಕ್ಯಾನಕ್ಕ ಆ ಕ್ಯಾನಿನಲ್ಲಿದ್ದುದನ್ನು ಚೆಲ್ಲಿ ಹೊಸ ಕ್ಯಾನ್ ಕೊಟ್ಟರು. "ನಾಳೆ ರಜೆ ಹಾಕಿ. ಎದ್ದ ಕೂಡಲೇ ಹೋಗಿದ್ದು ಬೇಡ. ಆಮೇಲಿಂದ ನಾಡಿದ್ದು ಬೆಳಿಗ್ಗೆ ಎದ್ದಾಗಿನದ್ದರವರೆಗೂ ಎಲ್ಲಾ ಇದರೊಳಗೇ ಬೀಳಬೇಕು."

ಈ ಸಲ ಲೆಕ್ಕ ನಿಜವಾಗಿತ್ತು. ಪ್ರೋಟೀನು ವಿಪರೀತ ಸೋರುತ್ತಿದೆ. ಇಂದು ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಪರೀಕ್ಷಿಸುತ್ತಾರೆ. ಯಾವ ಕಾಯಿಲೆಯೆಂದು ತಿಳಿದರೆ ಔಷಧಿ ಶುರು. ಚಾಲಕರನ್ನು ಒಳಗೆ ಕರೆದೊಯ್ದ ಮೇಲೆ ಅವರ ಹೆಂಡತಿ ಕ್ಯಾನಕ್ಕನ ಬಳಿ ಬಂದು ನಿಲ್ಲುತ್ತಾರೆ. ದನಿಯಲ್ಲಿ ಸಿಟ್ಟಿದೆ.

"ಮೊದಲನೇ ಕ್ಯಾನನ್ನೇ ತಗೊಂಡಿದ್ರೆ ನಾವು ನೆಮ್ಮದಿಯಾಗಿ ಮನೇಲಿರ್ತಿದ್ವಲ್ಲ ಅಕ್ಕಾ?"

ಕ್ಯಾನಕ್ಕ ಕೈಗವಸು ಕಳಚುತ್ತಾರೆ.

"ಇರ್ತಿದ್ರಿ ಕಣಮ್ಮ. ನಮ್ಮೆಜಮಾನ್ರೂ ಹಾಗೇ ಇದ್ರು. ಕಾಲು ಊದಿ ಚಪ್ಪಲಿ ಬಿಗಿಯಾದ್ರೆ ದೊಡ್ಡ ಚಪ್ಪಲಿ ತಗೊಂಡ್ರೇ ಹೊರತು ಬಾಯಿ ಬಿಡಲಿಲ್ಲ. ಇಲ್ಲಿಗೆ ಕರ್ಕೊಂಡು ಬರೋ ಹೊತ್ತಿಗೆ ಕಿಡ್ನಿ ಪೂರ್ತಿ ಕೆಟ್ಟು ಕ್ಯಾನಿಗೆ ಒಂದು ಹನೀನೂ ಬೀಳ್ತಿರಲಿಲ್ಲ." ಆಕೆಯ ಕೈ ಹಿಡಿಯುತ್ತಾರೆ. "ನಿಮ್ಮೆಜಮಾನ್ರ ಕ್ಯಾನು ಈ ಸಲ ಅವರದ್ದರಿಂದಲೇ ತುಂಬಿತ್ತು, ತಾಯಿ."