ಸಹಿ ಇದ್ದ ಕಡೆ

ಚರ್ರ್... ಆಲ್ಬಮ್ಮಿನ ಅಂಟು ಹಾಳೆಯಿಂದ ಪ್ಲಾಸ್ಟಿಕ್ ಎಳೆಯುವ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಚಿಕ್ಕಬಳ್ಳಾಪುರದ ರಾಮನವಮಿ ಕಚೇರಿಗಳಲ್ಲಿ, ಗಾಯಕರು ಆಲಾಪನೆಯ ಅತಿ ಮೃದುವಾದ ಜಾಗಕ್ಕೆ ಬಂದಾಗಲೇ ಮೊದಲ ಸಾಲಿನಿಂದ ಅದು ಏಳುತ್ತಿತ್ತು. ತಿರುಗಿ ನೋಡಬೇಕಾಗಿರಲಿಲ್ಲ. ಶಿಡ್ಲಘಟ್ಟದ ನಾರಾಯಣಪ್ಪ ಅವತ್ತಿನ ಫೋಟೋಗೆ ಜಾಗ ಮಾಡುತ್ತಿದ್ದಾರೆಂದು ಇಡೀ ಪೆಂಡಾಲಿಗೆ ಗೊತ್ತು.

ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಸುವುದು ಅವರ ಕಸುಬು. ವಿದ್ವಾಂಸರು ಸಹಿ ಮಾಡಿದ ಫೋಟೋ, ಕಾಗದ ಕೂಡಿಡುವುದು, ಅವರೇ ಹೇಳುವಂತೆ, "ಸಂಗೀತ ಸೇವೆ". ಸೇವೆ ಅಂತೆ! ತೋಡಿಗೂ ಕಲ್ಯಾಣಿಗೂ ವ್ಯತ್ಯಾಸ ತಿಳಿಯದ ಮನುಷ್ಯ. ಮಂಗಳಕ್ಕೆ ಮುಂಚೆಯೇ ಎದ್ದು ವೇದಿಕೆಯ ಹಿಂದೆ ಪೆನ್ನು ಹಿಡಿದು ನಿಲ್ಲುತ್ತಿದ್ದರು. ಪಿಟೀಲಿನವರೊಬ್ಬರು ಊಟಕ್ಕೆಂದು ಕೈ ತೊಳೆದು ಬಂದರೆ, ಆ ಒದ್ದೆ ಕೈಗೇ ಪೆನ್ನು ತುರುಕಿದ ಪುಣ್ಯಾತ್ಮ. "ಯಾವ ರಾಗ ಹಿಡಿಸಿತು?" ಎಂದು ಪಾಪ ಅವರು ಕೇಳಿದರೆ, "ಎಲ್ಲಾ ಚೆನ್ನಾಗಿತ್ತು ಸ್ವಾಮಿ, ಹಂಗೇ ಡೇಟೂ ಹಾಕ್ಬಿಡಿ" ಎಂದರು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸ್ ಇಲ್ಲದಿದ್ದರೆ ನಾನು ಅಲ್ಲೇ ಏನಾದರೂ ಅಂದುಬಿಡುತ್ತಿದ್ದೆ.

ಅಂಥವರ ಕೈಗೆ ನನ್ನ ಪೋಸ್ಟ್‌ಕಾರ್ಡ್ ಕೊಟ್ಟೆನಲ್ಲ, ನಾನೆಂಥ ಫೂಲ್! ನನ್ನ ವೀಣೆ ಮೇಷ್ಟ್ರು ಬರೆದದ್ದು. ಆಮೇಲೆ ದೊಡ್ಡ ಹೆಸರು ಮಾಡಿದವರು. ಒಂದು ಕಡೆ ನನ್ನ ಮದುವೆಗೆ ಆಶೀರ್ವಾದ, ಕೆಳಗೆ ಶಾಯಿಯ ಸಹಿ. ಇನ್ನೊಂದು ಕಡೆ, ವಿಳಾಸದ ಪಕ್ಕದಲ್ಲಿ, ನನಗೆಂದೇ ಕಟ್ಟಿದ ನಾಲ್ಕು ಸಾಲು ಮೋಹನ ರಾಗದ ಸ್ವರ, ಪೆನ್ಸಿಲಿನಲ್ಲಿ. ಮದುವೆಯ ಗಡಿಬಿಡಿಯಲ್ಲಿ ಎರಡೇ ಸಾಲು ಬಾಯಿಗೆ ಬಂದಿತ್ತು. ಮಿಕ್ಕಿದ್ದನ್ನು ನಾಳೆ, ನಾಡಿದ್ದು ಎಂದು ನಲವತ್ತು ವರ್ಷ ತಳ್ಳಿದ್ದೆ. ಅಷ್ಟರಲ್ಲಿ ಮೇಷ್ಟ್ರೇ ಹೋಗಿಬಿಟ್ಟಿದ್ದರು.

"ಎರಡೇ ದಿನ ಅಮ್ಮಾ, ಜೆರಾಕ್ಸ್ ಮಾಡಿಸ್ಕೊಂಡು ತಂದ್ಕೊಡ್ತೀನಿ" ಎಂದು ಒಯ್ದವರು ಹದಿನೈದು ದಿನ ಕಳೆದು ಆಲ್ಬಮ್ಮನ್ನೇ ಹೊತ್ತು ಬಂದರು. ಕಾರ್ಡಿನ ಬೆನ್ನ ತುಂಬ ಗೋಂದು ಬಳಿದು ಅಂಟಿಸಿದ್ದರು.

"ಜೆರಾಕ್ಸಲ್ಲಿ ಸೈನು ಮಂಕಾಗಿ ಬಂತಮ್ಮ. ಅದ್ಕೇ ಒರಿಜಿನಲ್ಲೇ ಹಾಕ್ದೆ. ಆಲ್ಬಮ್ಮಲ್ಲಾದ್ರೆ ನಾಕ್ ಜನ ನೋಡ್ತಾರೆ."

"ಹಿಂದುಗಡೆ ಸ್ವರ ಇತ್ತಲ್ರೀ!"

"ಅದಾ? ಏನೋ ಪೆನ್ಸಿಲ್ಲಲ್ಲಿ ಗೀಚಿತ್ತು. ಸೈನು ಈ ಕಡೆ ಐತಲ್ಲಮ್ಮ!"

ಉಗುರಿನಿಂದ ಕೆರೆದೆ, ಕಾರ್ಡಿನ ಮೂಲೆ ಹರಿಯಿತು. "ಕೊನೇ ಎರಡು ಸಾಲು ನನಗೆ ಬರೋದಿಲ್ಲ ನಾರಾಯಣಪ್ಪನವರೇ. ಅದು ಇನ್ನೆಲ್ಲೂ ಇಲ್ಲ" ಎಂದೆ. ಅವರು ಆಲ್ಬಮ್ ಮುಚ್ಚಿ ಕಂಕುಳಿಗಿಟ್ಟುಕೊಂಡು ಹೋದರು. ಥೀಫ್, ಎಂದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಬಂದು ಕಾರ್ಡನ್ನು ನನ್ನ ಕೈಗಿಟ್ಟರು. ಗೂಡು ಬೇಯಿಸುವ ತೊಟ್ಟಿಯ ಹಬೆಗೆ ಪುಟ ಹಿಡಿದು ಬಿಡಿಸಿದ್ದರಂತೆ. "ದಿನಾ ಗೂಡಿನ ಅಂಟೇ ಬಿಡಿಸ್ತೀವಿ, ಇದ್ಯಾವ ಮಹಾ ಅಂದ್ಕೊಂಡೆ." ಪೆನ್ಸಿಲಿನ ನಾಲ್ಕು ಸಾಲೂ ಹಾಗೇ ಇದ್ದವು. ತಿರುಗಿಸಿದೆ. ಸಹಿಯಿದ್ದಲ್ಲಿ ಒಂದು ನೀಲಿ ಕಲೆ.

"ಸೈನ್ ಹೋಗುತ್ತೆ ಅಂತ ಗೊತ್ತಾಗಲಿಲ್ವೇನ್ರೀ?"

"ಅರ್ಧಕ್ಕೇ ಗೊತ್ತಾಯ್ತಮ್ಮ. ಶಾಯಿ ಹರಡ್ತಾ ಬಂತು."

"ಮತ್ತೆ?"

"ಇನ್ನೆಲ್ಲೂ ಇಲ್ಲ ಅಂದ್ರಲ್ಲ ನೀವು."

ಶ್ರುತಿಪೆಟ್ಟಿಗೆ ಹಾಕಿ, ತಡವರಿಸುತ್ತ ನಾಲ್ಕು ಸಾಲೂ ಹಾಡಿದೆ. ಮುಗಿಯುವ ತನಕ ಮನುಷ್ಯ ಕದಲಲಿಲ್ಲ. ಆಮೇಲೆ, ಹಳೇ ಚಾಳಿ ಎಲ್ಲಿ ಹೋಗುತ್ತೆ, ಜೊತೆಗೇ ತಂದಿದ್ದ ಆಲ್ಬಮ್ಮಿನಲ್ಲಿ ಗೋಂದಿನ ಗುರುತಷ್ಟೇ ಉಳಿದಿದ್ದ ಆ ಪುಟ ತೆರೆದು ಪೆನ್ನು ಚಾಚಿದರು. "ಇಲ್ಲೊಂದು ಸೈನ್ ಹಾಕ್ಕೊಡಿ ಅಮ್ಮಾ."

"ನಾನೇನು ವಿದುಷಿಯೇ? ಡೋಂಟ್ ಬಿ ಸಿಲ್ಲಿ, ಹೋಗ್ರೀ" ಎಂದುಬಿಟ್ಟೆ.

ಮುಂದಿನ ರಾಮನವಮಿಯ ಹೊತ್ತಿಗೆ ಅವರಿರಲಿಲ್ಲ. ನಾನು ಕೊನೆಯ ಸಲ ನೋಡಿದ್ದು ಅವರ ಬೆನ್ನನ್ನು: ಕಂಕುಳಲ್ಲಿ ಆಲ್ಬಮ್, ಪೆನ್ನಿಗೆ ಕ್ಯಾಪ್ ಹಾಕಿಕೊಳ್ಳುತ್ತ, ಶಿಡ್ಲಘಟ್ಟದ ಬಸ್ಸಿನ ಕಡೆಗೆ.