ಲೇಜಿಮ್ ಲೆಕ್ಕದ ಕತ್ತಿಕಾಳಗ

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕತ್ತಿಕಾಳಗದ ಸಿನಿಮಾದಲ್ಲಿ ದೊಡ್ಡ ಕಲಾವಿದ ನಾಯಕನಲ್ಲ, ಖಳನಾಯಕ. ನಾಯಕನಿಗೇನು? ಬಿಳಿ ಕುದುರೆ ಕೊಟ್ಟಿರುತ್ತಾರೆ, ಗಾಳಿಗೆ ಹಾರುವ ಅಂಗಿ ಕೊಟ್ಟಿರುತ್ತಾರೆ, ಉಪ್ಪರಿಗೆಯಲ್ಲಿ ಕಾಯುವ ರಾಜಕುಮಾರಿಯನ್ನೂ ಕೊಟ್ಟಿರುತ್ತಾರೆ. ಅವನು ಗೆಲ್ಲುತ್ತಾನೆಂಬುದು ಬಾಗಿಲಲ್ಲಿ ಟಿಕೆಟ್ ಹರಿಯುವವನಿಗೂ ಗೊತ್ತು. ಸೋಲುತ್ತೇನೆಂದು ಗೊತ್ತಿದ್ದೂ ಕೊನೆಯ ಮೆಟ್ಟಿಲಿನವರೆಗೆ ಕಾದಾಡಿ, ಆಮೇಲೆ ಜನ ನಂಬುವ ಹಾಗೆ ಸಾಯಬೇಕಾದವನು ಖಳ. ಸಾಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಇಳಕಲ್ಲಿನಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪಿನ ಮೋಟರು ಹೊತ್ತು ತಂದವರು ನಾನು ತಾಮ್ರದ ತಂತಿ ಸುತ್ತಿ ಮುಗಿಸುವವರೆಗೆ ಬೆಂಚಿನ ಮೇಲೆ ಕೂರಲೇಬೇಕು. ಅವರ ಬೇಸರ ಕಳೆಯಲೆಂದು ಮೊಬೈಲಿನಲ್ಲಿ ಹಳೆಯ ಕತ್ತಿಕಾಳಗಗಳನ್ನು ಹಚ್ಚಿಡುತ್ತೇನೆ. ಹೊಸ ಸಿನಿಮಾ ಹಚ್ಚು ಎಂದವರಿಗೆ ನನ್ನಿಂದ ಬೈಗುಳ ತಪ್ಪಿದ್ದಲ್ಲ. ಈಗಿನ ನಾಯಕ ಒಮ್ಮೆ ಕತ್ತಿ ಬೀಸಿದರೆ ಹತ್ತಾರು ಜನ ಗಾಳಿಯಲ್ಲಿ ಹಾರಿ ಬೀಳುತ್ತಾರೆ. ಅದು ಕಾಳಗವಲ್ಲ, ಜೋಳ ತೂರುವ ಕೆಲಸ. ಹಳೆಯವುಗಳಲ್ಲಿ ಇಬ್ಬರು ಮನುಷ್ಯರು ಎದುರುಬದುರು ನಿಲ್ಲುತ್ತಿದ್ದರು. ಬೆವರುತ್ತಿದ್ದರು, ಏದುಸಿರು ಬಿಡುತ್ತಿದ್ದರು. ಕ್ಯಾಮೆರಾ ದೂರ ನಿಂತು ಅವರ ಕಾಲುಗಳನ್ನೂ ತೋರಿಸುತ್ತಿತ್ತು. ಕಾಲು ತೋರಿಸದ ಕತ್ತಿಕಾಳಗವನ್ನು ನಾನು ನಂಬುವುದಿಲ್ಲ.

ನನ್ನೂರು ಗುಡೂರು. ನನಗೊಬ್ಬ ಜೀವದ ದೋಸ್ತ, ಮಸೀದಿ ಓಣಿಯವನು, ಮುಂದೆ ಊರಿನಲ್ಲೇ ವೆಲ್ಡಿಂಗ್ ಅಂಗಡಿ ಹಾಕಿದ. ಇಳಕಲ್ಲಿನ ಟಾಕೀಸಿಗೆ ಕತ್ತಿಯ ಪಿಕ್ಚರ್ ಬಂದಿದೆಯೆಂದರೆ ನಾವಿಬ್ಬರೂ ಬಸ್ಸಿನ ಟಾಪ್ ಮೇಲೆ ಕೂತಾದರೂ ಹೋಗುತ್ತಿದ್ದೆವು. ಕನ್ನಡದ್ದು, ಹಿಂದಿಯದ್ದು, ಯಾವಾಗಲಾದರೊಮ್ಮೆ ಇಂಗ್ಲಿಷಿನ ಕಡಲ್ಗಳ್ಳರದ್ದು. ಭಾಷೆ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಸಮುದ್ರ ನೋಡಿದವರು ನಾವಲ್ಲ. ಹೊಳೆ ಬಂದಾಗಿನ ಮಲಪ್ರಭೆಯನ್ನು ನೆನೆಸಿಕೊಂಡು, ಅದಕ್ಕೆ ಆಚೆ ದಂಡೆ ಇಲ್ಲದಿದ್ದರೆ ಸಮುದ್ರ ಎಂದು ತೀರ್ಮಾನ ಮಾಡಿದ್ದೆವು. ಹಡಗಿನ ಹಗ್ಗ ಹಿಡಿದು ಜೀಕಿ ಬರುವ ನಾಯಕನಿಗಿಂತ, ಅವನಿಗಾಗಿ ಡೆಕ್ಕಿನ ಮೇಲೆ ಮುಗುಳ್ನಗುತ್ತ ಕಾಯುವ ಚೂಪು ಮೀಸೆಯವನ ಮೇಲೇ ನನ್ನ ಕಣ್ಣು. ಎದುರಾಳಿಯ ಕತ್ತಿ ಕೆಳಗೆ ಬಿದ್ದರೆ ಅದನ್ನು ಬೂಟಿನ ತುದಿಯಿಂದ ಎತ್ತಿ ಅವನ ಕೈಗೇ ಹಾರಿಸುವ ಖಳನೊಬ್ಬನಿದ್ದ. ಅವನಿಗಾಗಿ ಆ ಪಿಕ್ಚರನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಟ್ಟಿಲ್ಲ. ನನ್ನ ದೋಸ್ತನದು ಬೇರೆ ಚಟ. ಅವನು ಕಣ್ಣು ಮುಚ್ಚಿಕೊಂಡು ಸಪ್ಪಳ ಕೇಳುತ್ತಿದ್ದ.

"ಇದು ಖರೆ ಕಬ್ಬಣ ನೋಡಲೇ. ಹೋದ ವಾರದ್ದು ಕಟ್ಟಗಿ ಇತ್ತು" ಎನ್ನುತ್ತಿದ್ದ.

ಸಾಲೆಯಿಂದ ಬಾದಾಮಿಗೆ ಕರೆದುಕೊಂಡು ಹೋದಾಗ ಮಾಸ್ತರರು ಚಾಲುಕ್ಯರ ಬಗ್ಗೆ ಹೇಳುತ್ತಿದ್ದರು. ನಾವಿಬ್ಬರೂ ಕೋಟೆಗೆ ಹತ್ತುವ ದಾರಿಯಲ್ಲಿ, ಎರಡು ಬಂಡೆಗಳ ನಡುವಿನ ಇಕ್ಕಟ್ಟಿನ ಮೆಟ್ಟಿಲುಗಳ ಮೇಲೆ ನಿಂತುಬಿಟ್ಟಿದ್ದೆವು. ಅಲ್ಲಿ ಒಬ್ಬನ ಎದುರಿಗೆ ಒಬ್ಬನೇ ನಿಲ್ಲಲು ಸಾಧ್ಯ. ಮೇಲಿನವನಿಗೆ ಎತ್ತರದ ಲಾಭ, ಕೆಳಗಿನವನಿಗೆ ಎದುರಾಳಿಯ ಕಾಲು ಸಿಗುವ ಲಾಭ. ಇಷ್ಟು ಒಳ್ಳೆಯ ಜಾಗವನ್ನು ಬರೀ ನೋಡಿ ಹೋಗುವ ಜನರ ಬಗ್ಗೆ ನನಗೆ ಇಂದಿಗೂ ಕನಿಕರವಿದೆ.

ಹೀಗೆ ಬೆಳೆದವನಿಗೆ ಮದುವೆಯಾದ ವರ್ಷವೇ ಅವಕಾಶ ಕೂಡಿ ಬಂತು. ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸಾಲೆಯ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗಿಗೆ, ಒಂದು ರಾಜರ ನಾಟಕ ಆಡುವುದೆಂದಾಯಿತು. ಕಥೆ ನಾವೇ ಹೆಣೆದದ್ದು: ಸಿಂಹಾಸನ ಕಸಿದುಕೊಂಡ ಸೇನಾಪತಿ, ಕಾಡಿನಿಂದ ಮರಳಿ ಬರುವ ರಾಜಕುಮಾರ, ಕೊನೆಗೆ ಕತ್ತಿಕಾಳಗ. ರಾಜಕುಮಾರನ ಪಾರ್ಟು ಹಿಟ್ಟಿನ ಗಿರಣಿಯವರ ಮಗನಿಗೆ ಹೋಯಿತು. ಕೆಂಪಗಿದ್ದ, ಕೂದಲು ಚೆನ್ನಾಗಿದ್ದವು. ಸೇನಾಪತಿಯ ಪಾರ್ಟನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ದೋಸ್ತ ಕಬ್ಬಿಣದ ಪಟ್ಟಿ ಕೊಯ್ದು ಎರಡು ಕತ್ತಿ ಮಾಡಿದ, ಅಂಚು ಉಜ್ಜಿ ಮೊಂಡು ಮಾಡಿದ. ಬೇಗಡೆ ಹಚ್ಚಿದ ಕಟ್ಟಿಗೆಯ ಕತ್ತಿ ಟಕ್ ಟಕ್ ಎನ್ನುತ್ತದೆ. ನಮಗೆ ಖಣಖಣ ಬೇಕಾಗಿತ್ತು.

ತಾಲೀಮಿನಲ್ಲಿ ಗಿರಣಿಯವನದು ಒಂದೇ ತೊಂದರೆ. ಕತ್ತಿ ಬೀಸುವಾಗ ನನ್ನನ್ನು ಬಿಟ್ಟು ಕಿಟಕಿಯಲ್ಲಿ ನಿಂತ ಜನರನ್ನು ನೋಡುತ್ತಿದ್ದ. ಒಂದು ಸಂಜೆ ಎಡಕ್ಕೆ ತಿರುಗಬೇಕಾದವನು ಬಲಕ್ಕೆ ತಿರುಗಿದ, ಕತ್ತಿ ನನ್ನ ಹುಬ್ಬಿನ ಮೇಲೆ ಬಂತು. ಮೊಂಡು ಕಬ್ಬಿಣವೂ ಹಣೆ ಒಡೆಯುತ್ತದೆ ಎಂದು ಆಗ ತಿಳಿಯಿತು. ದವಾಖಾನೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದೆ. ನನಗೆ ಅದೇನೂ ದೊಡ್ಡದಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಸೇನಾಪತಿಗೆ ತಕ್ಕ ಗಾಯ ಅನ್ನಿಸಿತು. ಆದರೆ ಮರುದಿನ ನಳದ ಹತ್ತಿರ ನೀರಿಗೆ ನಿಂತ ಹೆಂಗಸರು ಬೇರೆ ಮಾತು ತೆಗೆದಿದ್ದರು.

"ಅರಿಷಿಣ ಇನ್ನಾ ಮಾಸಿಲ್ಲ, ಗಂಡನ ಹಣಿ ಒಡೀತು. ಕಾಲ್ಗುಣ ಹೆಂಗೈತಿ ನೋಡ್ರಿ ಹುಡುಗೀದು."

ಹುಡುಗಿ ಎಂದರೆ ನನ್ನ ಹೆಂಡತಿ. ಹುನಗುಂದದ ಕಡೆಯವಳು, ನಮ್ಮ ಮನೆ ತುಂಬಿ ಕೆಲವೇ ವಾರಗಳಾಗಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ತಿರುಗಿದ್ದು ಗಿರಣಿಯವನ ಕಾಲು, ಕೆಟ್ಟ ಹೆಸರು ನನ್ನ ಹೆಂಡತಿಯ ಕಾಲಿಗೆ! ನಳದ ಹತ್ತಿರ ಹೋಗಿ ನಾಲ್ಕು ಮಾತು ಆಡಿಯೇ ಬರುತ್ತೇನೆಂದು ಹೊರಟೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ನೀನು ಹೋಗಿ ಕೂಗಾಡಿದರೆ ಆ ಮಾತು ಊರೆಲ್ಲ ಆಗುತ್ತದೆ ಎಂದಳು. ಅದು ನಿಜವೂ ಆಗಿತ್ತು.

ಅವ್ವ ತುಳಸಿಗೇರಿ ಹಣಮಪ್ಪನಿಗೆ ಕಾಯಿ ಒಡೆಸುತ್ತೇನೆಂದು ಬೇಡಿಕೊಂಡಿದ್ದಳು. ಆದರೂ ಅವಳಿಗೆ ಧೈರ್ಯ ಬರಲಿಲ್ಲ.

"ಯಪ್ಪಾ, ಬ್ಯಾರೆ ಯಾವದಾರ ಪಾರ್ಟು ಮಾಡು. ಸಾಯೂ ಪಾರ್ಟು ಬ್ಯಾಡ. ಹೊಸಾ ಹೆಣಮಗಳ ಕಣ್ಣ ಮುಂದ ಗಂಡ ಸತ್ತ ಬಿದ್ದ ಅಂತಂದ್ರ, ನಾಳೆ ನಿನಗ ನೆಗಡಿ ಬಂದ್ರೂ ಆಕೀನ್ನ ತೋರಸ್ತಾರ."

ಅವ್ವ ಹೇಳಿದ್ದು ಸೊಸೆಯ ಮೇಲಿನ ಮಮತೆಯಿಂದ, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಅಡುಗೆಮನೆಗೆ ಹೋದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆ ಹೊತ್ತಿಗೆ ನಾವಿಬ್ಬರೂ ನೆಟ್ಟಗೆ ಕೂತು ಮಾತಾಡಿದ್ದೇ ಕಡಿಮೆ. ಪಾರ್ಟು ಬಿಡಲೇನು ಎಂದು ಕೇಳಿದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಮಾತಾಡಿದಳು.

"ಬಿಟ್ರ, ಹೆಂಡ್ತಿ ಕಾಲ್ಗುಣಕ್ಕ ಹೆದರಿ ಬಿಟ್ಟ ಅಂತಾರ್ರಿ. ಆ ಮಾತು ನಾ ಸಾಯೂತನಕ ನನ್ನ ಬೆನ್ನ ಹಿಂದ ಬರ್ತೈತಿ. ಬಿಡಬ್ಯಾಡ್ರಿ. ಆದ್ರ ಮೈಮ್ಯಾಲ ಒಂದ ಗೀರೂ ಬೀಳಬಾರದು ನೋಡ್ರಿ."

"ನೀ ನೋಡಾಕ ಬರ್ತಿ?"

"ಬರಲಾರ್ದ ಏನ್ರಿ? ಎಲ್ಲಾರಕಿಂತ ಮುಂದ ಕುಂದರ್ತೇನಿ."

ಅಲ್ಲಿಂದ ಮುಂದೆ ಆ ಕಾಳಗ ನನಗೆ ಬರೀ ಹುಚ್ಚಾಗಿ ಉಳಿಯಲಿಲ್ಲ. ಒಂದು ಗೀರು ಬಿದ್ದರೂ ಅದು ಬೀಳುವುದು ಅವಳ ಮೇಲೆ. ಗಿರಣಿಯವನ ಕಾಲನ್ನು ನೆಟ್ಟಗೆ ಮಾಡುವುದು ಹೇಗೆ ಎಂದು ನಾನೂ ದೋಸ್ತನೂ ಅವನ ಅಂಗಡಿಯಲ್ಲಿ ಕೂತು ತಲೆ ಕೆಡಿಸಿಕೊಂಡೆವು. ಸಿನಿಮಾ ತೋರಿಸಿ ಹೇಳಿದರೆ ಅವನು ಮುಖದ ಹಾವಭಾವ ಕಲಿಯುತ್ತಿದ್ದ, ಹೆಜ್ಜೆ ಕಲಿಯುತ್ತಿರಲಿಲ್ಲ. ಕಡೆಗೆ ಉಪಾಯ ಹೊಳೆದದ್ದು ನನಗೇ. ನಮ್ಮ ಸಾಲೆಯಲ್ಲಿ ಕಲಿತವರೆಲ್ಲ ಒಂದನ್ನು ಮಾತ್ರ ಮರೆಯಲು ಸಾಧ್ಯವಿರಲಿಲ್ಲ. ಅದು ಲೇಜಿಮ್. ಪಿ.ಟಿ. ಮಾಸ್ತರರು ಪ್ರತಿ ಶನಿವಾರ ಮೈದಾನದಲ್ಲಿ ನಿಲ್ಲಿಸಿ, ಆ ಸರಪಳಿಯ ಕೋಲು ಕೈಗೆ ಕೊಟ್ಟು, ಏಕ್ ದೋ ತೀನ್ ಚಾರ್ ಎಂದು ಕುಣಿಸಿ ಕುಣಿಸಿ, ಅದನ್ನು ನಮ್ಮ ಎಲುಬಿಗೆ ಇಳಿಸಿಬಿಟ್ಟಿದ್ದರು. ನಾನು ಇಡೀ ಕತ್ತಿಕಾಳಗವನ್ನು ಲೇಜಿಮ್ ಲೆಕ್ಕಕ್ಕೆ ಕೂಡಿಸಿದೆ. ಏಕ್ ಅಂದರೆ ಕತ್ತಿ ಕೆಳಗೆ, ದೋ ಅಂದರೆ ಮೇಲೆ, ತೀನ್‌ಗೆ ಎದುರು ಹೊಡೆತ, ಚಾರ್‌ಗೆ ತಿರುವು. ದೋಸ್ತ ಮೂಲೆಯಲ್ಲಿ ನಿಂತು ಆ ಲೆಕ್ಕಕ್ಕೆ ಲೇಜಿಮ್ ಝಲ್ಲೆನ್ನಿಸಿದ. ಗಿರಣಿಯವನ ಕಾಲು ತಾನಾಗಿಯೇ ಸರಿಯಾದ ಕಡೆ ತಿರುಗಿತು. ಅವನಿಗೇ ಆಶ್ಚರ್ಯ.

"ಲೇ, ಇದನ್ನ ಮೊದಲ ಹೇಳಬಾರದಾ? ಸುಮ್ಮನ ನಿನ್ನ ಹಣಿ ಹೋತು!" ಎಂದ.

ಕರೆಂಟನ್ನು ನಂಬುವ ಹಾಗಿರಲಿಲ್ಲವೆಂದು ಬಿಸಿಲು ಇಳಿಯುವ ಹೊತ್ತಿಗೇ ಸಾಲೆಯ ಮೈದಾನದಲ್ಲಿ ನಾಟಕ ಶುರುವಾಯಿತು. ಸಾಲೆಯ ಬೆಂಚುಗಳನ್ನು ಒಂದರ ಮೇಲೊಂದಿಟ್ಟು ಅರಮನೆಯ ಮೆಟ್ಟಿಲು ಮಾಡಿದ್ದೆವು. ಪರದೆಯ ಸಂದಿಯಿಂದ ನೋಡಿದೆ. ಹೆಂಗಸರ ಕಡೆಯ ಮೊದಲ ಸಾಲಿನಲ್ಲಿ, ಅವ್ವನ ಮಗ್ಗುಲಿಗೆ, ಮದುವೆಯ ಇಳಕಲ್ ಸೀರೆ ಉಟ್ಟು ಅವಳು ಕೂತಿದ್ದಳು. ನಳದ ಹೆಂಗಸರೆಲ್ಲ ಅವಳ ಹಿಂದೆಯೇ ಇದ್ದರು. ಅವರು ನಾಟಕ ನೋಡಲು ಬಂದಿದ್ದರೋ ಅವಳನ್ನು ನೋಡಲು ಬಂದಿದ್ದರೋ ನನಗೆ ಅನುಮಾನ.

ಕಾಳಗದ ಬಗ್ಗೆ ಸಂಕೋಚವಿಲ್ಲದೆ ಹೇಳುತ್ತೇನೆ: ಚಲೋ ಆಯಿತು, ಭಾಳ ಚಲೋ ಆಯಿತು. ಮೊದಲ ಹೊಡೆತಕ್ಕೆ ಕಬ್ಬಿಣ ಖಣ್ ಎಂದಾಗ ಗಂಡಸರ ಕಡೆಯಿಂದ ಸೀಟಿ ಬಿತ್ತು. ಸೀಟಿ ಕೇಳಿ ಗಿರಣಿಯವನು ತನ್ನ ಚಟದಂತೆ ಜನರ ಕಡೆಗೆ ಮುಖ ಮಾಡಿದ. ಅವನ ಕತ್ತಿ ಆಗಲೇ ಎತ್ತಿಯಾಗಿತ್ತು. ಪರದೆಯ ಹಿಂದಿನಿಂದ ದೋಸ್ತ ಲೇಜಿಮನ್ನು ಜೋರಾಗಿ ಝಲ್ಲೆನ್ನಿಸಿದ. ಮುಖ ಎತ್ತಲೋ ಇದ್ದರೂ ಕಾಲು ಲೆಕ್ಕ ತಪ್ಪಲಿಲ್ಲ. ಆಮೇಲೆ ಮೆಟ್ಟಿಲು ಹತ್ತಿದೆವು, ಇಳಿದೆವು. ಅವನ ಕತ್ತಿ ಬೀಳಿಸಿ, ಕಾಲಿನ ತುದಿಯಿಂದ ಎತ್ತಿ ಅವನ ಕೈಗೇ ಕೊಟ್ಟೆ. ಬಾಲ್ಯದ ಆಸೆ ತೀರಿತು. ಕೊನೆಗೆ ನನ್ನ ಸರದಿ ಬಂತು.

ಎದೆ ಹಿಡಿದುಕೊಂಡು ಹಾ ಎಂದು ಒದರುವವರ ಸಾವು ನನಗೆ ಸೇರುವುದಿಲ್ಲ. ನಾನು ಮೊದಲು ಕತ್ತಿ ಬಿಟ್ಟೆ. ಒಂದು ಮೊಣಕಾಲು ಊರಿದೆ. ನನ್ನನ್ನು ಕೊಂದವನ ಕಡೆ ಒಮ್ಮೆ ಮೆಚ್ಚಿ ನೋಡಿದೆ. ಆಮೇಲೆ ಮಗ್ಗುಲಾಗಿ ಬಿದ್ದು ಉಸಿರು ಹಿಡಿದೆ. ನೊಣ ಬಂದು ಮೂಗಿನ ಮೇಲೆ ಕೂತರೂ ಅಲುಗಲಿಲ್ಲ. ಸೀಟಿ ನಿಂತಿತು. ಅಷ್ಟು ದೊಡ್ಡ ಮೈದಾನ ತೆಪ್ಪಗಾಯಿತು. ಕಣ್ಣು ಮುಚ್ಚಿದ್ದ ನನಗೆ ಹೆಂಗಸರ ಕಡೆ ಗುಸುಗುಸು ಏಳುವುದು ಕೇಳಿಸಿತು. ಈಗ ಎಲ್ಲರೂ ಅವಳನ್ನು ನೋಡುತ್ತಿದ್ದಾರೆ ಎಂದುಕೊಂಡೆ. ಎದ್ದು ಬಿಡಬೇಕೆನ್ನಿಸಿತು. ಆದರೆ ಪರದೆ ಬೀಳುವ ಮೊದಲು ಹೆಣ ಏಳುವಂತಿಲ್ಲ, ಎದ್ದರೆ ಅದೂ ನಗೆಪಾಟಲು.

"ವನ್ಸ್ ಮೋರ್!"

ಹೆಂಗಸಿನ ದನಿ. ನಮ್ಮ ಕಡೆ ನಾಟಕಗಳಲ್ಲಿ ಹಾಡೋ ಕಾಳಗವೋ ಮನಸ್ಸಿಗೆ ಬಂದರೆ ಜನ ಹೀಗೆ ಕೂಗುತ್ತಾರೆ, ಕೂಗಿದರೆ ಮತ್ತೊಮ್ಮೆ ಆಡಿ ತೋರಿಸಲೇಬೇಕು. ಸತ್ತವನೂ ಎದ್ದು ಬಂದು, ಇನ್ನೊಮ್ಮೆ ಕಾದಾಡಿ, ಇನ್ನೊಮ್ಮೆ ಸಾಯಬೇಕು. ಆದರೆ ಕೂಗುವವರು ಗಂಡಸರು. ಹೆಂಗಸೊಬ್ಬಳು ವನ್ಸ್ ಮೋರ್ ಅಂದದ್ದನ್ನು ಗುಡೂರು ಅಲ್ಲಿಯವರೆಗೆ ಕೇಳಿರಲಿಲ್ಲ.

"ವನ್ಸ್ ಮೋರ್!"

ಕಣ್ಣು ತೆರೆದೆ. ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಎದ್ದು ನಿಂತಿದ್ದಳು. ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು. ನಾನು ಎದ್ದೆ. ಮೈದಾನಕ್ಕೆ ಮೈದಾನವೇ ಹೋ ಎಂದಿತು. ನಳದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವ್ವ ಅವಳ ಕೈ ಹಿಡಿದು ಕೂರಿಸಿ, ತಾನೂ ನಗುತ್ತ ಕಣ್ಣೊರೆಸಿಕೊಂಡಳು. ಎರಡನೆಯ ಕಾಳಗ ಮೊದಲಿನದಕ್ಕಿಂತ ಹುರುಪಿನಿಂದ ನಡೆಯಿತು. ಮೈಮೇಲೆ ಒಂದು ಗೀರೂ ಬೀಳಲಿಲ್ಲ.

ಮರುದಿನ ನಳದ ಹತ್ತಿರದ ಮಾತೇ ತಿರುಗಿತ್ತು. "ಆಕಿ ಒದರಿದ್ರ ಸತ್ತ ಗಂಡ ಎದ್ದ ಬರ್ತಾನ, ಅಂಥಾ ಕಾಲ್ಗುಣ" ಎಂದು ಅದೇ ಬಾಯಿಗಳು ಆಡಿಕೊಂಡವು. ದೋಸ್ತ ಮನೆಗೇ ಬಂದು, "ಭಾಬಿ, ನಿಮ್ಮ ಮುಂದ ನನ್ನ ಲೇಜಿಮ್ ಏನೂ ಅಲ್ಲ" ಎಂದು ಹೊಗಳಿ ಹೋದ. ನಾನೋ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ. ಮದುವೆಯಾದ ಹೊಸತರಲ್ಲೇ ಹೆಂಡತಿ ನನ್ನ ಕಲೆಗೆ ಮರುಳಾಗಿ, ಊರ ಮುಂದೆ ಎದ್ದು ನಿಂತು ಕೂಗಿದ್ದಾಳೆ. ಇನ್ನೇನು ಬೇಕು?

ಮಧ್ಯಾಹ್ನ ಅವಳು ಹಿತ್ತಲಲ್ಲಿ ಸೇನಾಪತಿಯ ಅಂಗಿಯ ಬಣ್ಣ ಬಿಡಿಸುತ್ತ ಕೂತಿದ್ದಳು. ಹತ್ತಿರ ಹೋಗಿ, ಕಾಳಗದಲ್ಲಿ ನಿನಗೆ ಎಲ್ಲಕ್ಕಿಂತ ಚಲೋ ಅನ್ನಿಸಿದ್ದು ಯಾವುದು, ಕತ್ತಿ ಎತ್ತಿ ಕೊಟ್ಟದ್ದೋ, ಮೆಟ್ಟಿಲ ಮೇಲಿನದ್ದೋ ಎಂದು ಕೇಳಿದೆ. ಅವಳು ಅಂಗಿಯನ್ನು ಬಕೆಟ್ಟಿನಲ್ಲಿ ಬಿಟ್ಟು ನನ್ನನ್ನು ನೋಡಿದಳು. ಕಣ್ಣು ತುಂಬಿದ್ದವು, ದನಿಯಲ್ಲಿ ಸಿಟ್ಟಿತ್ತು.

"ಕಾಳಗ ಯಾರ ನೋಡಿದ್ರು? ನಿಮ್ಮ ಉಸರ ಆಡವಲ್ದಾಗಿತ್ತು. ಗಂಡನ ಹೆಸರ ಹಿಡದು ಕರ್ಯಾಕ ನನಗ ಬರೂದಿಲ್ಲ. ಎಬ್ಬಸಾಕ ಮತ್ತೇನಂತ ಒದರಬೇಕಿತ್ರಿ?"