ಅತ್ತೆಯ ಕೋವಿಗೆ ಮೂವರ ಕಾವಲು

ಅತ್ತೆಯ ಬಲಭುಜದಲ್ಲಿ, ರವಕೆಯ ಅಂಚಿಗೆ ತಾಗಿಕೊಂಡು, ಒಂದು ಕಪ್ಪು ಜಡ್ಡು ಇತ್ತು. ಮದುವೆಯಾಗಿ ಮೂಡುಬಿದಿರೆಯಿಂದ ಅಳದಂಗಡಿಯ ಹತ್ತಿರದ ಆ ಮನೆಗೆ ಬಂದ ಹೊಸತರಲ್ಲಿ, ಅವರ ಬೆನ್ನಿಗೆ ಎಣ್ಣೆ ತಿಕ್ಕುವಾಗ ಅದನ್ನು ಕಂಡು ಹಳೆಯ ಸುಟ್ಟ ಗಾಯವೆಂದು ತಿಳಿದಿದ್ದೆ. "ಅಲ್ಲ ಮಗಾ, ಅದು ಕೋವಿಯ ಹಿಡಿ ಊರಿ ಊರಿ ಆದದ್ದು. ಹಂದಿಗಳು ಕೊಟ್ಟ ಉಡುಗೊರೆ" ಎಂದು ನಕ್ಕರು. ಮಾವನಿಗೆ ದಮ್ಮಿನ ಕಾಯಿಲೆ. ಲೈಸೆನ್ಸು ಅವರ ಹೆಸರಿನಲ್ಲಿದ್ದರೂ ಗದ್ದೆ ಕಾಯುತ್ತಿದ್ದದ್ದು ಅತ್ತೆ. ಈ ಸಂಗತಿ ಸರಕಾರಕ್ಕೆ ಗೊತ್ತಿರಲಿಲ್ಲ, ಹಂದಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಆಳು ಕುಳ್ಳಿ, ಸಪೂರ. ನಡೆದರೆ ಹಿಂದಿನಿಂದ ಬರುವವರು ಓಡಬೇಕು. ಯಾರು ಏನೇ ಸಲಹೆ ಕೊಡಲಿ, ಅವರ ಬಾಯಿಂದ ಬರುತ್ತಿದ್ದ ಉತ್ತರ ಒಂದೇ: "ನೋಡುವ." ಹೊರಗಿನವರು ಅದನ್ನು ಒಪ್ಪಿಗೆಯೆಂದು ತಿಳಿದು ಸಂತೋಷದಿಂದ ಹೋಗುತ್ತಿದ್ದರು. ಅದರ ಅರ್ಥ "ಆಗುವುದಿಲ್ಲ" ಎಂದು ತಿಳಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಐವತ್ತರ ದಶಕದ ಕೊನೆಗೆ ಮಾವ ತೀರಿಕೊಂಡರು. ಕೋವಿ ಪೊಲೀಸ್ ಠಾಣೆಗೆ ಹೋಯಿತು. ಇನ್ನು ಲೈಸೆನ್ಸು ಯಾರ ಹೆಸರಿಗೆ ಎಂಬ ಪ್ರಶ್ನೆ ಎದ್ದಿತು. ಹಿರಿಯ ಮಗ ನನ್ನ ಗಂಡ. ಶಾಲೆಯ ಮಾಸ್ತರು, ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಜಾತಿ. ಕಿರಿಯವನು, ನನ್ನ ಮೈದುನ, ಒಳ್ಳೆಯ ಗುರಿಕಾರ, ಮೈಮುರಿದು ದುಡಿಯುವವನು, ನನ್ನನ್ನು ಅತ್ತಿಗೆ ಅತ್ತಿಗೆ ಎಂದು ತಲೆಯ ಮೇಲೆ ಹೊತ್ತುಕೊಂಡಿದ್ದವನು. ಅವನ ಹೆಸರಿಗೇ ಆಗಲಿ ಎಂದು ಊರಿಗೆ ಊರೇ ಹೇಳಿತು. ಅತ್ತೆ "ನೋಡುವ" ಎಂದರು. ಆಮೇಲೆ ನೆಟ್ಟಗೆ ಬೆಳ್ತಂಗಡಿಗೆ ಹೋಗಿ ಅರ್ಜಿಯನ್ನು ತನ್ನ ಹೆಸರಿನಲ್ಲಿ ಕೊಟ್ಟು ಬಂದರು!

ಊರು ನಕ್ಕಿತು, ಮೈದುನ ಮುಖ ಊದಿಸಿಕೊಂಡ. ಕಾರಣವನ್ನು ಅತ್ತೆ ನನ್ನೊಬ್ಬಳಿಗೇ ಹೇಳಿದ್ದು, ಬಾವಿಕಟ್ಟೆಯಲ್ಲಿ. "ಅವ ಚಿನ್ನದಂಥವ ಮಗಾ. ಆದರೆ ಕೋಪ ಬಂದರೆ ಅವನಿಗೆ ಕಣ್ಣು ಕಾಣುವುದಿಲ್ಲ. ಕೋವಿ ಒಮ್ಮೆ ಅವನ ಕೈಗೆ ಹೋದರೆ ಒಂದು ದಿನ ನನಗೆ ಮಗ ಇಲ್ಲದ ಹಾಗೆ ಆಗ್ತದೆ. ಇದನ್ನು ಆಫೀಸಿನಲ್ಲಿ ಹೇಳಿ ಅವನ ಮರ್ಯಾದೆ ತೆಗೆಯಲಿಕ್ಕೆ ಉಂಟಾ?" ಕೋವಿಯೇ ಬೇಡವೆಂದರೆ ಆಗದೇ ಎಂದು ನಾನು ಕೇಳಿದೆ. "ಹಂದಿಗಳಿಗೆ ನೀನು ಹೋಗಿ ಬುದ್ಧಿ ಹೇಳ್ತೀಯಾ?" ಎಂದರು.

ಠಾಣೆಯ ಇನ್ಸ್‌ಪೆಕ್ಟರು ಘಟ್ಟದ ಮೇಲಿನವರು. ಹೆಂಗಸಿಗೆ ಕೋವಿ ಎಂದರೆ ಅವರಿಗೆ ನಂಬಿಕೆಯಿಲ್ಲ. ಕೋವಿಯನ್ನು ಮನೆಯಲ್ಲಿ ಎಲ್ಲಿ, ಹೇಗೆ ಭದ್ರವಾಗಿ ಇಡುತ್ತೀರಿ ಎಂಬುದನ್ನು ತಾವೇ ಬಂದು ನೋಡಿದ ಮೇಲೆ ಮುಂದಿನ ಮಾತು ಎಂದುಬಿಟ್ಟರು.

ಶುರುವಾಯಿತು ನೋಡಿ ಸಲಹೆಗಾರರ ಕಾಟ. ಮೊದಲು ಬಂದದ್ದು ನನ್ನ ಸ್ವಂತ ಅಣ್ಣ. ಮೂಡುಬಿದಿರೆಯಲ್ಲಿ ವಿಮೆಯ ಏಜೆಂಟನಾಗಿ, ಕಂಡವರನ್ನೆಲ್ಲ ಸಾಯುವುದರ ಬಗ್ಗೆ ಯೋಚಿಸುವಂತೆ ಮಾಡುತ್ತಿದ್ದವನು. ಮನೆ, ಕೋವಿ, ಕಣಜ ಎಲ್ಲಕ್ಕೂ ಸೇರಿಸಿ ಕಳವಿನ ವಿಮೆ ಮಾಡಿಸಿದರೆ ಚಿಂತೆಯೇ ಇಲ್ಲವೆಂದ. ಅವನ ಹಿಂದೆಯೇ ಬಂಟ್ವಾಳ ಪೇಟೆಯಿಂದ ಅತ್ತೆಯ ತಮ್ಮ, ನಮಗೆಲ್ಲ ಬಂಟ್ವಾಳದ ಮಾವ, ಬಂದರು. ಅಂಗಡಿ ಇಟ್ಟು ಅನುಕೂಲವಾಗಿದ್ದವರು. "ವಿಮೆ ಅಂದ್ರೆ ಕಾಗದ ಮಾರಾಯ. ಕಳ್ಳ ಕಾಗದ ಓದಿಕೊಂಡು ವಾಪಸು ಹೋಗ್ತಾನಾ? ತಿಜೋರಿ ಬೇಕು, ಕಬ್ಬಿಣದ ತಿಜೋರಿ" ಎಂದರು. ಅಣ್ಣ ಬಿಡಲಿಲ್ಲ. "ತಿಜೋರಿಯನ್ನೇ ಹೊತ್ತುಕೊಂಡು ಹೋದರೆ?" ಇಬ್ಬರೂ ಕೋಳಿ ಅಂಕದ ಹುಂಜಗಳ ಹಾಗೆ ಚಾವಡಿಯಲ್ಲಿ ಊಟದ ಹೊತ್ತಿನವರೆಗೆ ಜಗಳಾಡಿದರು.

ಅತ್ತೆ ಬಡಿಸುತ್ತಾ ನನ್ನ ಅಣ್ಣನನ್ನು ಕೇಳಿದರು. "ಕೋವಿ ಹೋದರೆ ನಿಮ್ಮ ಕಂಪನಿ ಹಣ ಕೊಡ್ತದೆ, ಸರಿ. ಆ ಕೋವಿಯಿಂದ ಯಾರದ್ದಾದರೂ ಜೀವ ಹೋದರೆ, ಅದನ್ನು ಕೊಡ್ತದಾ?" ಅಣ್ಣ ಉಪ್ಪಿನಕಾಯಿ ಕೇಳಿದ. ಗೆದ್ದವರಂತೆ ಮೀಸೆ ತಿರುವಿದ ತಮ್ಮನ ಕಡೆ ತಿರುಗಿ, "ಹೊರಗಿನ ಕಳ್ಳನಿಗೆ ನಿನ್ನ ತಿಜೋರಿ ಆದೀತು. ಒಳಗಿನವರಿಗೆ?" ಎಂದರು. ಅವರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಲಿ ಎಂದು ಅತ್ತೆ ಹೇಳಿದ್ದೂ ಅಲ್ಲ.

ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆ ಬಂಟ್ವಾಳದ ಮಾವ ಎತ್ತಿನ ಗಾಡಿಯಲ್ಲಿ ತಿಜೋರಿಯನ್ನು ತಂದೇಬಿಟ್ಟರು. ಗದ್ದೆಯ ಅಂಚಿನಲ್ಲಿ ಆಳುಗಳು ಏದುಸಿರು ಬಿಡುತ್ತಾ ಅದನ್ನು ಹೊತ್ತು ಚಾವಡಿಗೆ ಮುಟ್ಟಿಸಿದರು. ಹಸಿರು ಬಣ್ಣ, ಹಿತ್ತಾಳೆಯ ಹಿಡಿ, ನೋಡಲು ಬಲು ಗಂಭೀರ. ಮಾವ ಅದರ ಪಕ್ಕದಲ್ಲಿ ಶಾಲು ಹೊದ್ದು ನಿಂತರು. ಮಧ್ಯಾಹ್ನಕ್ಕೆ ಇನ್ಸ್‌ಪೆಕ್ಟರು ಬಂದರು, ಹಿಂದಿನಿಂದ ಪೊಲೀಸಿನವನೊಬ್ಬ ನಮ್ಮ ಕೇಪಿನ ಕೋವಿ ಹಿಡಿದುಕೊಂಡು. ನಳಿಗೆಗೆ ಮದ್ದು ಗುಂಡು ತುಂಬಿ, ಹಿಂಬದಿಗೆ ಕಿಡಿ ಹಾರಿಸುವ ಕೇಪು ಸಿಕ್ಕಿಸಿ, ಕುದುರೆ ಎಳೆದು ಹೊಡೆಯುವ ಹಳೆಯ ಕಾಲದ ಕೋವಿ ಅದು. ಮಾವ ತಿಜೋರಿಯ ಬಾಗಿಲು ತೆರೆದು, ಕೋವಿಯನ್ನು ಒಳಗಿಟ್ಟರು.

ಅರ್ಧವೂ ಹಿಡಿಯಲಿಲ್ಲ! ಓರೆಯಾಗಿ ಇಟ್ಟರು, ಅಡ್ಡ ಇಟ್ಟರು, ಒಳಗಿನ ಹಲಗೆ ಕಳಚಿ ಇಟ್ಟರು. ನಳಿಗೆ ಹೊರಗೆ ಚಾಚಿಕೊಂಡು ನೇರವಾಗಿ ಇನ್ಸ್‌ಪೆಕ್ಟರ ಹೊಟ್ಟೆಯ ಕಡೆ ನೋಡುತ್ತಿತ್ತು. ಒಡವೆ ಇಡುವ ತಿಜೋರಿಯನ್ನು ಹೊಳೆ ದಾಟಿಸಿ ತಂದವರಿಗೆ, ಕೋವಿ ಎಷ್ಟು ಉದ್ದ ಉಂಟು ಎಂದು ಕೇಳಬೇಕೆಂದು ತೋಚಿರಲೇ ಇಲ್ಲ. ಪೊಲೀಸಿನವನು ಗೋಡೆಯ ಕಡೆ ತಿರುಗಿ ನಕ್ಕ. ಇನ್ಸ್‌ಪೆಕ್ಟರು, "ಏನ್ರೀ ಇದು? ಇದನ್ನ ನೋಡೋಕೆ ಇಷ್ಟು ದೂರ ಬಂದ್ನಾ?" ಎಂದು ಟೋಪಿ ಎತ್ತಿಕೊಂಡರು. ಅವರು ಅಂಗಳ ದಾಟಿದರೆ ಮುಂದಿನ ಅರ್ಜಿ ಮೈದುನನದ್ದೇ.

"ಕುಳಿತುಕೊಳ್ಳಿ ಸ್ವಾಮೀ" ಎಂದರು ಅತ್ತೆ. ಮನೆಯಲ್ಲಿ ತುಳು ಬಿಟ್ಟು ಬೇರೆ ಆಡದವರು, ಇನ್ಸ್‌ಪೆಕ್ಟರ ಸಲುವಾಗಿ ಪಾಠಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದರು. ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೊಂಟದಿಂದ ಸಣ್ಣ ತಿರುಪುಳಿ ತೆಗೆದು, ಕುದುರೆ ಇರುವ ಕಬ್ಬಿಣದ ತುಂಡನ್ನೇ ಬಿಚ್ಚಿ ತಿಜೋರಿಯ ಒಳಗಿಟ್ಟು ಬೀಗ ಹಾಕಿದರು. "ಇದರ ಬೀಗದ ಕೈ ನನ್ನ ಸೊಂಟದಲ್ಲಿ ಇರ್ತದೆ. ಮದ್ದು ಸೊಸೆಯ ಹತ್ತಿರ. ಕೇಪಿನ ಪೆಟ್ಟಿಗೆಯ ಕೀಲಿ ದೊಡ್ಡ ಮಗನ ಹತ್ತಿರ. ಮೂವರೂ ಒಪ್ಪದೆ ಇದು ಕೋವಿ ಆಗುವುದಿಲ್ಲ." ಉಳಿದ ನಳಿಗೆಯನ್ನು ಗೋಡೆಗೆ ತೂಗುಹಾಕಿದರು. "ಇದನ್ನು ಯಾರು ಬೇಕಾದರೂ ಕೊಂಡುಹೋಗಲಿ. ಒಲೆ ಊದಲಿಕ್ಕೆ ಆದೀತು."

ಇನ್ಸ್‌ಪೆಕ್ಟರು ಕುಳಿತರು. ಆದರೂ ಗಂಡಸಲ್ಲವೇ, ಸುಲಭದಲ್ಲಿ ಸೋಲಬಾರದು. "ಹೊಡೆಯೋಕೆ ಬರುತ್ತಾ ನಿಮ್ಗೆ? ಆ ಮರದ ಮೇಲಿನ ತೆಂಗಿನಕಾಯಿಗೆ ಒಂದು ಗುಂಡು ಹಾಕಿ, ನೋಡೋಣ."

"ತೆಂಗಿನಕಾಯಿ ನಮ್ಮ ಪೈರು ತಿನ್ನುವುದಿಲ್ಲವಲ್ಲ ಸ್ವಾಮೀ. ತೋರಿಸಲಿಕ್ಕೆ ನಾನು ಕೋವಿ ಮುಟ್ಟುವುದಿಲ್ಲ."

ಇನ್ಸ್‌ಪೆಕ್ಟರು ಟೋಪಿಯನ್ನು ಪಕ್ಕಕ್ಕಿಟ್ಟು, "ಮಜ್ಜಿಗೆ ಇದ್ರೆ ಕೊಡಿ ತಾಯಿ" ಎಂದರು. ನಮಗೆ ಅಷ್ಟು ಸಾಕಿತ್ತು. ಲೈಸೆನ್ಸು ಅತ್ತೆಯ ಹೆಸರಿಗೆ ಬಂದ ದಿನ ನಾನು ಪಾಯಸ ಮಾಡಿದೆ. ಬಂಟ್ವಾಳದ ಮಾವ ಬಂದು ಎರಡೆರಡು ಸಲ ಹಾಕಿಸಿಕೊಂಡು, ಎಲ್ಲ ತನ್ನ ತಿಜೋರಿಯಿಂದ ಎಂದು ಹೇಳಿಕೊಂಡು ತಿರುಗಿದರು.

ಆ ಮೂರು ಕಾವಲಿನ ಬೆಲೆ ನನಗೆ ತಿಳಿದದ್ದು ಅರವತ್ತರ ದಶಕದಲ್ಲಿ, ಒಂದು ಸುಗ್ಗಿ ಬೆಳೆಯ ಕಾಲಕ್ಕೆ. ಗದ್ದೆ ಬದಿಯ ತೋಡಿನ ಹಳ್ಳಕ್ಕೆ ಅಡ್ಡ ಹಾಕಿದ ಮಣ್ಣಿನ ಕಟ್ಟದ ನೀರಿನ ಸರದಿಗಾಗಿ ಮೈದುನನಿಗೂ ಕೆಳಗಿನ ಗದ್ದೆಯವರಿಗೂ ಜಗಳ ಹತ್ತಿತು. ಹಾರೆಯ ಕಾವಿನ ಪೆಟ್ಟು ತಿಂದು, ಹಣೆಯಿಂದ ರಕ್ತ ಸುರಿಸಿಕೊಂಡು ಮಟಮಟ ಮಧ್ಯಾಹ್ನ ಅವನು ಮನೆಗೆ ಬಂದ. ಬಂದವನೇ ಗೋಡೆಯ ನಳಿಗೆಯನ್ನು ಕಿತ್ತುಕೊಂಡ. "ಅಮ್ಮಾ, ತಿಜೋರಿ ತೆಗಿ. ಇವತ್ತು ಅವ ಉಳಿಯಬಾರದು."

ಅತ್ತೆ ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದರು. ತಲೆ ಎತ್ತಲಿಲ್ಲ. "ತೆಗೀತೇನೆ. ಮೊದಲು ಅಣ್ಣನ ಹತ್ತಿರ ಹೋಗಿ ಕೇಪಿನ ಕೀಲಿ ತಾ." ಅವನು ನನ್ನ ಕಡೆ ತಿರುಗಿದ. "ಅತ್ತಿಗೆ, ಮದ್ದು!" "ಕೀಲಿ ಬರಲಿ, ಕೊಡ್ತೇನೆ" ಎಂದೆ. ನಳಿಗೆ ಬಿಸಾಡಿ ಅವನು ಶಾಲೆಯ ಕಡೆ ಓಡಿದ. ಅತ್ತೆಯ ಗೆರಸೆಯಲ್ಲಿ ಅಕ್ಕಿಯೇ ಇರಲಿಲ್ಲವೆಂಬುದನ್ನು ನಾನು ನೋಡಿದ್ದು ಆಮೇಲೆ. ಬರಿಯ ಗೆರಸೆಯನ್ನು ಕೇರುತ್ತಲೇ ಇದ್ದರು.

ಗುಡ್ಡ ಹತ್ತಿ ಇಳಿದರೆ ಶಾಲೆ. ಪಟಾಕಿಗೆ ಹೆದರುವ ನನ್ನ ಗಂಡ ಅಂದು ಹೆದರಲಿಲ್ಲ. ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದವರು ತಮ್ಮನ ಮುಖ ನೋಡಿ, ತಮ್ಮ ಕರ್ಚೀಫಿನಿಂದ ಅವನ ಹಣೆ ಕಟ್ಟಿ, "ಗಂಟೆ ಹೊಡೆಯುವವರೆಗೆ ಅಲ್ಲಿ ಕೂತುಕೋ" ಎಂದು ಹಿಂದಿನ ಬೆಂಚು ತೋರಿಸಿದರು. ಅಷ್ಟು ದೊಡ್ಡ ಗಂಡಸು ಮೊಣಕಾಲು ಮಡಚಿಕೊಂಡು ಮಕ್ಕಳ ಬೆಂಚಿನಲ್ಲಿ ಕೂತ. ಗಂಟೆ ಹೊಡೆದಾಗ ಕೀಲಿ ಕೇಳುವುದನ್ನು ಬಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದನಂತೆ.

ಅಣ್ಣತಮ್ಮ ಒಟ್ಟಿಗೆ ಗುಡ್ಡ ಇಳಿದು ಬರುವುದನ್ನು ಕಂಡು ಅತ್ತೆ ಎದ್ದು ಗಂಜಿ ಬಡಿಸಿದರು. ಮರುದಿನ ಕಿರಿಯ ಮಗನನ್ನೂ ನನ್ನನ್ನೂ ಕರೆದುಕೊಂಡು ಕೆಳಗಿನ ಗದ್ದೆಯವರ ಮನೆಗೆ ಹೋಗಿ, ನೀರಿನ ಸರದಿಯನ್ನು ಹೊಸದಾಗಿ ಮಾತಾಡಿ, ಅಲ್ಲೇ ಎಲೆಯಡಿಕೆ ಹಾಕಿಕೊಂಡು ಬಂದರು. ದಾರಿಯಲ್ಲಿ, ಮಗ ಮುಂದೆ ಹೋದ ಮೇಲೆ, ನನಗೆ ಹೇಳಿದ್ದು ಇಷ್ಟೇ: "ಕೋಪಕ್ಕೆ ಆ ಗುಡ್ಡ ಹತ್ತುವಷ್ಟು ಉಸಿರು ಇಲ್ಲ ಮಗಾ." ನಾನು ನಡುದಾರಿಯಲ್ಲೇ ಅವರ ಕಾಲು ಮುಟ್ಟಿದೆ. "ಎಂಥದು ಮಾರಾಯ್ತಿ, ಜನ ನೋಡ್ತಾರೆ" ಎಂದು ಗದರಿದರು.

ಆ ದಶಕ ಮುಗಿಯುವ ಮೊದಲೇ, ಜ್ವರವೆಂದು ಮಲಗಿದ ಅತ್ತೆ ಏಳಲಿಲ್ಲ. ಊರಿಗೆ ಊರೇ ಅಂಗಳದಲ್ಲಿ ಸೇರಿತ್ತು. ನಾನು ಕಣ್ಣೀರು ಹಾಕಿದೆ, ಆದರೆ ತಲೆ ತಗ್ಗಿಸಲಿಲ್ಲ. ಚಟ್ಟ ಎತ್ತುವಾಗ ಮುಂದಿನ ಒಂದು ಬದಿಗೆ ಮೈದುನ ಹೆಗಲು ಕೊಟ್ಟ. ಇನ್ನೊಂದು ಬದಿಗೆ ಯಾರೂ ಕರೆಯದೆ ಬಂದು ಹೆಗಲು ಕೊಟ್ಟವರು, ಹಿಂದೆ ಹಾರೆ ಬೀಸಿದ್ದ ಕೆಳಗಿನ ಗದ್ದೆಯವರು. ಆ ಮಧ್ಯಾಹ್ನ ಕೋವಿ ಕೈಗೆ ಸಿಕ್ಕಿದ್ದರೆ ಇಬ್ಬರಲ್ಲಿ ಒಬ್ಬ ಜೈಲಿನಲ್ಲಿರಬೇಕಿತ್ತು, ಒಬ್ಬರು ಮಣ್ಣಿನಲ್ಲಿ. ಇಬ್ಬರೂ ಅತ್ತೆಯನ್ನು ಹೊತ್ತುಕೊಂಡು, ಹೆಜ್ಜೆಗೆ ಹೆಜ್ಜೆ ಸೇರಿಸಿ, ಅಂಗಳ ದಾಟಿದರು.